ಬೋಟಿನಲ್ಲಿ ನಿಂತು ಹೇಳಿದ ಪುಂಡಿಪಲ್ಯ

ಕಳೆದ ವಾರ ಸಿಂಹಾಚಲಂ ಅಪ್ಪನ್ನನ ದರ್ಶನ ಮುಗಿಸಿ ಬೆಟ್ಟದ ಕೆಳಗೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲೊಬ್ಬಳು ಗೋಣಿತಟ್ಟಿನ ಮೇಲೆ ಗೋಂಗೂರದ ಕಟ್ಟುಗಳನ್ನು ಹರವಿಕೊಂಡು ಕೂತಿದ್ದಳು. ನಮ್ಮ ಗದಗಿನ ಕಡೆ ಇದಕ್ಕೆ ಪುಂಡಿಸೊಪ್ಪು ಅನ್ನುತ್ತೇವೆ. ಬಾಡಬಾರದೆಂದು ಆಕೆ ಅದರ ಮೇಲೆ ನೀರು ಚಿಮುಕಿಸಿದಳು. ಒದ್ದೆ ಗೋಣಿ, ಹುಳಿ ಸೊಪ್ಪು, ಕಾಲಡಿಯ ಕೆಸರು, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಂತು. ನಾನು ವಿಶಾಖಪಟ್ಟಣದಲ್ಲಿದ್ದೇನೆ ಎಂಬುದು ಒಂದು ಗಳಿಗೆ ಮರೆತೇಹೋಯಿತು. ವಿಜಯವಾಡದ ಮನೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತಂತಾಯಿತು. ಕೆಳಗೆ ರಸ್ತೆ ಇರಬೇಕಾದಲ್ಲಿ ಕಂದು ನೀರು, ಆ ನೀರಿನ ಮೇಲೆ ಒಂದು ರಬ್ಬರ್ ಬೋಟು.

ನಮ್ಮ ಯಜಮಾನರು ಬ್ಯಾಂಕಿನವರು. ಇಲ್ಲಿಗೆ ವರ್ಗವಾಗುವ ಮೊದಲು ವಿಜಯವಾಡದಲ್ಲಿದ್ದೆವು. ಅವರ ಶಾಖೆ ಗನ್ನವರಂನಲ್ಲಿ. ಮನೆ ಮಾತ್ರ ಊರೊಳಗೆ, ಬುಡಮೇರು ಹಳ್ಳಕ್ಕೆ ಹತ್ತಿರದ ತಗ್ಗಿನ ಕಾಲೋನಿಯಲ್ಲಿ. ಬಾಡಿಗೆಗೆ ಹಿಡಿಯುವಾಗ ಅದು ತಗ್ಗು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಗಳು ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು. ಮನೆಯ ಮಾಲೀಕರಾದ ವರಲಕ್ಷ್ಮಿಗಾರು ನಮ್ಮ ಕೆಳಗೆ, ಮೊದಲನೇ ಮಹಡಿಯಲ್ಲಿದ್ದರು. ಗಂಡ ತೀರಿಕೊಂಡ ಹೆಂಗಸು, ಬಾಯಿ ಜೋರು, ಕೈ ಧಾರಾಳ. ಮಾಳಿಗೆಯ ಮೇಲೆ ಹಳೇ ಪೇಂಟಿನ ಡಬ್ಬಿಗಳಲ್ಲಿ ಗೋಂಗೂರ ಬೆಳೆಸಿದ್ದರು.

ಶ್ರಾವಣ ಮುಗಿಯುತ್ತ ಬಂದಿತ್ತು. ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಳ್ಳ ಉಕ್ಕಿತೆಂದು ಸುದ್ದಿ ಬರುವ ಮೊದಲೇ ನೀರು ಬಂತು. ಬೆಳಗ್ಗೆ ಗೇಟಿನ ಕೆಳಗೆ ಹರಿದಾಡುತ್ತಿದ್ದದ್ದು ಮಧ್ಯಾಹ್ನಕ್ಕೆ ಸ್ಕೂಟರುಗಳನ್ನು ಮುಳುಗಿಸಿತು, ಸಂಜೆಗೆ ಕೆಳಗಿನ ಮನೆಗಳ ಕಿಟಕಿ ಮುಟ್ಟಿತು. ಯಜಮಾನರು ಗನ್ನವರಂನಲ್ಲೇ ಸಿಕ್ಕಿಕೊಂಡರು. ಸಿಲಿಂಡರ್ ಹೊಸದಾಗಿ ಹಚ್ಚಿದ್ದೆ, ಅದು ದೇವರ ದಯೆ. ನೀರು ಮೊದಲನೇ ಮಹಡಿಯ ಮೆಟ್ಟಿಲ ತನಕ ಬಂದು ಅಲ್ಲೇ ನಿಂತಿತು, ಅದೂ ದಯೆಯೇ. ಇಂಥವನ್ನು ಎಣಿಸುತ್ತ ಕೂತರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ನಾನು ಆ ವರ್ಷ ಕಲಿತೆ.

ಮರುದಿನ ಸೈನ್ಯದವರು ಬಂದರು. ಅವರನ್ನು ಯಾರು ಕಳಿಸಿದರೆಂದು ಯಾರೂ ಕೇಳಲಿಲ್ಲ. ಸರಕಾರ ಕೇಳಿಕೊಂಡಿರುತ್ತದೆ, ಅವರ ಮೇಲಿನವರು ಹೊರಡಿ ಅಂದಿರುತ್ತಾರೆ. ಬೋಟಿನಲ್ಲಿ ನಾಲ್ಕೈದು ಜನ. ಅವರ ಮೇಲೊಬ್ಬ ಸುಬೇದಾರ್ ಸಾಹೇಬರು, ಬಿಳಿ ಮೀಸೆಯವರು, ಹಿಂದಿ ಮಾತಾಡುವವರು. ಮೊದಲು ಬಾಣಂತಿಯರು, ಮುದುಕರು, ಕಾಯಿಲೆಯವರು ಹೋದರು. ನಮ್ಮಂಥ ಗಟ್ಟಿಮುಟ್ಟು ಇದ್ದವರು ಮೇಲೇ ಉಳಿದೆವು. ವರಲಕ್ಷ್ಮಿಗಾರು ಅಕ್ಕಿ ಕೊಟ್ಟರು, ನಾನು ಬೇಯಿಸಿದೆ. ಅಕ್ಕಪಕ್ಕದ ಮಾಳಿಗೆಗಳಿಗೆ ಸೈನಿಕರೇ ಅನ್ನ ಮುಟ್ಟಿಸುತ್ತಿದ್ದರು.

ತರಕಾರಿ ಮುಗಿದ ದಿನ ಡಬ್ಬಿಗಳಲ್ಲಿನ ಗೋಂಗೂರ ಕಿತ್ತು, ತವರಿನಿಂದ ಬಂದಿದ್ದ ಜೋಳದ ನುಚ್ಚು ಹಾಕಿ ನಮ್ಮ ರೀತಿಯ ಪುಂಡಿಪಲ್ಯ ಮಾಡಿದೆ. ಪಾತ್ರೆ ಒಯ್ಯಲು ಮೇಲೆ ಬಂದ ಸೈನಿಕ ಬಾಗಿಲಲ್ಲೇ ನಿಂತ. ಎತ್ತರದ ಹುಡುಗ, ಮೈಯೆಲ್ಲ ಕೆಸರು. ಗಾಳಿ ಮೂಸಿದ.

"ಇದು ಪುಂಡಿಪಲ್ಯ ಅಲ್ಲೇನ್ರಿ?" ಎಂದ, ಕನ್ನಡದಲ್ಲಿ.

ನನ್ನ ಕೈಯಲ್ಲಿನ ಸೌಟು ಹಾಗೇ ನಿಂತಿತು. "ಯಾವೂರಪಾ ನೀನು?"

"ಗೋಕಾಕ ಹತ್ರರೀ ಅಕ್ಕಾರ. ಬಸವರಾಜ ಅಂತರೀ. ಬಸು ಅಂತಾರ್ರಿ ಮನ್ಯಾಗ."

"ಕೂಡು. ಉಂಡು ಹೋಗು."

"ಡ್ಯೂಟಿ ಮ್ಯಾಲ ಇದೀನ್ರಿ, ಕೂಡಂಗಿಲ್ಲ." ಹಾಗೆಂದವನೇ ನಿಂತಲ್ಲೇ ಅಂಗೈ ಚಾಚಿದ. ನಾನು ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿಕೊಟ್ಟೆ. ತಿಂದು ಬೆರಳು ನೆಕ್ಕಿದ. ಆಮೇಲೆ, "ಅವ್ವಾರದ ಇದರಕಿಂತ ಚಲೋ ಇರತೈತ್ರಿ," ಎಂದ. ಸಿಟ್ಟು ಬರಲಿಲ್ಲ, ನಗು ಬಂತು.

ನೀರು ಬಡಿದು ಅವನ ಫೋನು ಕೆಟ್ಟಿತ್ತು. ನನ್ನ ಫೋನಿನಿಂದಲೇ ಅವ್ವನಿಗೆ ಮಾತಾಡಿದ. ಅವಳಿಗೆ ಎರಡೂ ಕಣ್ಣಿನಲ್ಲಿ ಪೊರೆ. ಆಪರೇಷನ್ ಮಾಡಿಸಬೇಕೆಂದು ಇವನು ಎರಡು ಸಲ ರಜೆ ಕೇಳಿದ್ದ, ಎರಡು ಸಲವೂ ಬೇರೆ ಕಡೆ ಡ್ಯೂಟಿ ಬಿತ್ತು. ಈಗ ರಜೆ ಮಂಜೂರಾಗಿತ್ತು. ಈ ನೀರು ಇಳಿದ ಮೇಲೆ ನೇರ ಊರಿಗೆ. "ಇದೊಂದ ಮುಗೀಲಿ ಬೇ, ಬಂದ ಬಿಡತೀನಿ," ಎನ್ನುತ್ತಿದ್ದ. ಆ ಕಡೆಯಿಂದ ಮುದುಕಿಯ ದನಿ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು: "ನಿನ್ನ ಮಾರಿ ನೋಡಿದ ಮ್ಯಾಲ ಖರೆ."

ಬಾಯಿಮಾತಿನಲ್ಲಿ ಇದನ್ನೆಲ್ಲ ಹೇಳುವಾಗ ಜನ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನಡುವೆ ನಗು ಬಾರದ ಒಂದು ಬೆಳಗ್ಗೆಯೂ ಇದೆ. ಹಿಂದಿನ ಓಣಿಯಲ್ಲಿ ರಾಮಾರಾವು ಎಂಬ ಮುದುಕರು ಒಬ್ಬರೇ ಇದ್ದರು. ಮೇಲಿನ ಮನೆಯವರು ಕರೆದರೂ ನೀರು ಇಷ್ಟೇ ಎಂದು ಕೆಳಗೇ ಉಳಿದಿದ್ದರು. ಬಸು ಮತ್ತು ಇನ್ನೊಬ್ಬ ಹುಡುಗ ಬಾಗಿಲು ಒಡೆದು ಅವರನ್ನು ಹೊರಗೆ ತಂದರು. ಬೋಟಿನಲ್ಲಿ ಮುಖವೂ ಮುಚ್ಚುವಂತೆ ಕಂಬಳಿ ಹೊದಿಸಿ ಮಲಗಿಸಿದ್ದನ್ನು ನಾನು ಬಾಲ್ಕನಿಯಿಂದ ನೋಡಿದೆ. ಪಾದ ಹೊರಗೆ ಕಾಣುತ್ತಿತ್ತು. ಬಸು ಬಗ್ಗಿ ಕಂಬಳಿ ಎಳೆದು ಮುಚ್ಚಿದ.

ಅದೇ ಹೊತ್ತಿಗೆ ಇನ್ನೊಂದು ಬೋಟು ಬಂತು. ಅದರಲ್ಲಿ ಕ್ಯಾಮರಾ ಹೊತ್ತವನೊಬ್ಬ, ಮುರಳಿ ಎಂಬವನೊಬ್ಬ, ರಾಶಿ ಪೊಟ್ಟಣ. ಪೊಟ್ಟಣದ ಮೇಲೆಲ್ಲ ಒಬ್ಬ ಮುಖಂಡರ ನಗುಮುಖ. ಹೆಸರು ಬೇಡ. ಆಗ ಅವರಿಗೆ ಯಾವ ಪದವಿಯೂ ಇರಲಿಲ್ಲ, ಬರಬೇಕೆಂಬ ಆಸೆ ಇತ್ತು. ಮುರಳಿ ಅವರ ಓಡಾಟದವನು. ಕೈಗೆ ಕೆಂಪು ದಾರ, ಹಣೆಗೆ ಕುಂಕುಮ, ಮಾತು ಮೆತ್ತಗೆ. ಸೈನಿಕರ ಬೋಟಿನಲ್ಲಿದ್ದದ್ದು ಏನೆಂದು ನೋಡಿದ. ಕೈಮುಗಿದ. ಆಮೇಲೆ ತೆಲುಗಿನಲ್ಲಿ ಕ್ಯಾಮರಾದವನಿಗೆ, "ಅದು ಚಿತ್ರದಲ್ಲಿ ಬರೋದು ಬೇಡ, ಬೋಟು ಸ್ವಲ್ಪ ಆ ಕಡೆ ತಗೊಳ್ಳೋಕೆ ಹೇಳು," ಎಂದ. ಬಸುಗೆ ತೆಲುಗು ಬರುವುದಿಲ್ಲ. ಆದರೆ ಕೈ ಮಾಡಿದ್ದು ಎಲ್ಲ ಭಾಷೆಯಲ್ಲೂ ಒಂದೇ.

ಪೊಟ್ಟಣಗಳನ್ನು ಸೈನಿಕರ ಕೈಯಿಂದಲೇ ಹಂಚಿಸಬೇಕೆಂಬುದು ಅವರ ಲೆಕ್ಕ. ಸೈನಿಕರು ಇಲ್ಲವೆನ್ನಲಿಲ್ಲ. ಹಸಿದವರ ಅನ್ನಕ್ಕೆ ಯಾರು ಇಲ್ಲವೆನ್ನುತ್ತಾರೆ? ಆದರೆ ಬೋಟಿಗೆ ಏರಿಸುವಾಗ ಪ್ರತಿ ಪೊಟ್ಟಣವನ್ನೂ ಮಗುಚಿ ಇಟ್ಟರು, ಮುಖ ಕೆಳಗೆ, ಬೆನ್ನು ಮೇಲೆ. ಮುರಳಿಯ ಹುಡುಗರು ಬಂದು ಸರಿಮಾಡಿದರು. ಇವರು ಮತ್ತೆ ಮಗುಚಿದರು. ಕೇಳಿದ್ದಕ್ಕೆ ಸುಬೇದಾರ್ ಸಾಹೇಬರು ಬಹಳ ಗಂಭೀರವಾಗಿ ಹೇಳಿದರು, ಬೋಟಿನ ತಳದಲ್ಲಿ ನೀರಿದೆ, ಪೊಟ್ಟಣದ ಅಂಟು ಹಿಂದಿನ ಭಾಗದಲ್ಲಿದೆ, ಅಂಟಿನ ಭಾಗ ಕೆಳಗಾದರೆ ನೀರು ಒಳಗೆ ಹೋಗುತ್ತದೆ. ಮಾತು ಸುಳ್ಳಲ್ಲ. ನೀರಲ್ಲಿ ಮೂಗು ಮುಳುಗಿಸಿಕೊಂಡೇ ಮುಖಂಡರು ಓಣಿಯೆಲ್ಲ ತಿರುಗಿದರು. ಹಂಚುವಾಗಲೂ ಅಷ್ಟೇ, ಕೊಡುವ ಅಂಗೈ ಸರಿಯಾಗಿ ಆ ನಗುವಿನ ಮೇಲೆ.

ಮುರಳಿ ಪೆದ್ದನಲ್ಲ. ಯಾರಿಗೋ ಫೋನು ಮಾಡಿದ, ಅವರು ಇನ್ಯಾರಿಗೋ ಮಾಡಿದರು. ಸಂಜೆ ಸುಬೇದಾರ್ ಸಾಹೇಬರಿಗೆ ಮೇಲಿನಿಂದ ಮಾತು ಬಂತು: ಒಬ್ಬ ಸೈನಿಕ ಕ್ಯಾಮರಾ ಮುಂದೆ ಎರಡು ಮಾತಾಡಲಿ, ವಿವಾದ ಬೇಡ. ಏನು ಹೇಳಬೇಕೆಂಬುದನ್ನೂ ಮುರಳಿಯೇ ತಂದಿದ್ದ. ಅಣ್ಣಗಾರು ಕರೆದರು, ನಾವು ಓಡಿ ಬಂದೆವು, ಇಂಥ ನಾಯಕರು ಊರಿಗೊಬ್ಬರು ಇರಬೇಕು.

ಮರುದಿನ ಪಾತ್ರೆ ಒಯ್ಯಲು ಬಂದಾಗ ಬಸು ನನಗೆ ಇದನ್ನು ಹೇಳಿದ. ಅವನನ್ನೇ ಆರಿಸಿದ್ದರು.

"ಹೇಳತೀಯೇನಪಾ?" ಎಂದೆ.

"ಆ ಮುದುಕಪ್ಪನ್ನ ಎತ್ತಿಕೊಂಡ ಬಂದ ಕೈರೀ ಅಕ್ಕಾರ. ಅವರನ್ನ ಸರಸ್ರಿ ಅಂದ್ರು ಇವ್ರು." ತಟ್ಟೆಯ ಅಂಚನ್ನು ಉಜ್ಜುತ್ತ ನಿಂತ. "ನನ್ನ ಬಾಯಿಂದ ಆ ಮಾತ ಬರೂದಿಲ್ಲ. ಇಲ್ಲಾ ಅನ್ನಾಕೂ ಬರೂದಿಲ್ಲ. ಕಂಪ್ಲೇಂಟ ಹೋತಂದ್ರ ರಜಾ ಕಟ್ ಆಗತೈತ್ರಿ. ಅವ್ವಗ ಏನ ಹೇಳ್ಲಿ?"

ದೇವರು ದಾರಿ ತೋರಿಸ್ತಾನೆ ಎಂದೆ. ಹಾಗೆ ಹೇಳುವುದು ಸುಲಭ.

ದಾರಿ ತೋರಿಸಿದ್ದು ಸುಬೇದಾರ್ ಸಾಹೇಬರು. ಬೋಟು ನಮ್ಮ ಬಾಲ್ಕನಿಯ ಕೆಳಗೇ ನಿಂತಿತ್ತು. ಮುರಳಿ ಮಾತುಗಳನ್ನು ಓದಿ ತೋರಿಸಿದ. ಸಾಹೇಬರು ತಲೆಯಾಡಿಸಿದರು. ಹುಡುಗನಿಗೆ ತೆಲುಗು ಬಾರದು, ಹಿಂದಿಯಲ್ಲಿ ತೊದಲುತ್ತಾನೆ, ಹೃದಯದಿಂದ ಬರಬೇಕಾದರೆ ತಾಯಿನುಡಿಯಲ್ಲೇ ಬರಬೇಕು ಎಂದರು. ಮುರಳಿಗೆ ಅದು ಇನ್ನೂ ಇಷ್ಟವಾಯಿತು. "ಸೂಪರ್ ಸಾರ್! ಎಲ್ಲೆಲ್ಲಿಂದಲೋ ಬಂದಿದ್ದಾರೆ ಅಂತ ಗೊತ್ತಾಗ್ತದೆ. ಕೆಳಗೆ ತೆಲುಗಲ್ಲಿ ಅಕ್ಷರ ಹಾಕ್ತೀವಿ." ಸಾಹೇಬರು ಬಸು ಕಡೆ ತಿರುಗಿ ಹಿಂದಿಯಲ್ಲಿ, "ಹೇಳು ಮಗನೇ, ನಿನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದನ್ನೇ ಹೇಳು," ಎಂದರು. ಮೀಸೆಯ ಒಂದು ಕೂದಲೂ ಅಲುಗಲಿಲ್ಲ.

ಬಸು ಎದೆ ಸೆಟೆಸಿ ನಿಂತ. ದೂರದ ನೀರನ್ನು ನೋಡಿದ. ನೀರಿನ ಮೇಲೆ ದನಿ ಚೆನ್ನಾಗಿ ಹರಿಯುತ್ತದೆ, ಒಂದೊಂದು ಮಾತೂ ಮೇಲೆ ನನಗೆ ಕೇಳಿಸಿತು.

"ಮೊದಲ ಪುಂಡಿಸೊಪ್ಪ ಚಂದಂಗ ಸೋಸಬೇಕ್ರಿ," ಎಂದ, ಧ್ವಜ ಏರಿಸುವವನ ದನಿಯಲ್ಲಿ. "ದಂಟ ಬರಬಾರದು! ಒಂದ ದಂಟೂ ಬರಬಾರದು! ತೊಗರಿಬ್ಯಾಳಿ, ಜ್ವಾಳದ ನುಚ್ಚು, ಇವೆರಡೂ ಒಂದss ಗಡಗ್ಯಾಗ ಬೇಯಬೇಕು. ಸೊಪ್ಪ ಬ್ಯಾರೆ ಕುದಿಸಿ ಅದರಾಗ ಕೂಡಸಬೇಕು. ಹಸಿಮೆಣಸಿನಕಾಯಿಗೆ ಯಾರೂ ಅಂಜಬಾರದು!" ಇಲ್ಲಿ ಮುಷ್ಟಿ ಬಿಗಿಹಿಡಿದ. ಕ್ಯಾಮರಾದವನು ಹತ್ತಿರ ಸರಿದ. "ಬಳ್ಳೊಳ್ಳಿ ಒಗ್ಗರಣಿ ಕೊಡೂ ಮುಂದ ಕೈ ಹಿಂದ ತಗೀಬ್ಯಾಡ್ರಿ. ಕಡೀ ಉಸರ ಇರೂ ತನಕ, ರೊಟ್ಟಿ ಕೂಡನss ತಿನ್ನಬೇಕು. ಅನ್ನದ ಕೂಡ ಅಲ್ಲ!" ಮತ್ತು ಒಂದು ಸಲ್ಯೂಟ್.

ಮುರಳಿ ಚಪ್ಪಾಳೆ ತಟ್ಟಿದ. ಎದುರು ಮಾಳಿಗೆಯವರೂ ತಟ್ಟಿದರು. ಸೈನಿಕರು ಮಾತ್ರ ಬೋಟಿನ ಹಗ್ಗ ಬಿಚ್ಚುವುದರಲ್ಲಿ, ಕಟ್ಟುವುದರಲ್ಲಿ ಬಹಳ ಮಗ್ನರಾಗಿಬಿಟ್ಟಿದ್ದರು. ಒಬ್ಬನ ಬೆನ್ನು ಕುಲುಕುತ್ತಿತ್ತು. ಮುರಳಿಯ ಕಣ್ಣು ಆ ಬೆನ್ನಿನ ಮೇಲೆ ಬಿತ್ತು. ಸುತ್ತ ನೋಡಿದ. "ಇಲ್ಲಿ ಕನ್ನಡ ಬರೋರು ಯಾರಾದ್ರೂ ಇದ್ದಾರಾ?"

"ಅಲ್ಲೇ ನಿಮ್ಮ ಮೇಲೇ ಇದ್ದಾರಲ್ಲ, ಬ್ಯಾಂಕಿನೋರ ಮನೆ ಅಮ್ಮ!" ಎದುರು ಮಾಳಿಗೆಯ ಯಾರೋ ಪುಣ್ಯಾತ್ಮರು ಕೂಗಿದರು.

ಬಸು ತಲೆಯೆತ್ತಿ ನನ್ನನ್ನು ನೋಡಿದ. ಅಷ್ಟೇ.

ಮುರಳಿ ಮೆಟ್ಟಿಲು ಹತ್ತುವ ಸದ್ದು ಕೇಳಿತು. ಸುಳ್ಳು ಹೇಳಬಾರದೆಂದು ನಾನು ಬಹಳ ದೊಡ್ಡ ವ್ರತವನ್ನೇನೂ ಹಿಡಿದವಳಲ್ಲ. ಆದರೆ ಆ ದಿನಗಳಲ್ಲಿ ದಿನಕ್ಕೆ ಎಷ್ಟು ಸಲ ದೇವರನ್ನು ಕಾಪಾಡೆಂದು ಕೇಳಿದ್ದೆನೋ, ಸುಳ್ಳಾಡಿದ ಬಾಯಲ್ಲಿ ಸಂಜೆ ಮತ್ತೆ ಕೇಳುವುದು ಹೇಗೆ? ನಿಜ ಹೇಳಿದರೆ ಹುಡುಗನ ರಜೆ ಹೋದೀತು, ಅವನ ಅವ್ವನ ಕಣ್ಣೂ. ದೇವರ ಕೋಣೆಗೆ ಹೋದೆ. ವಿಭೂತಿ ಹಚ್ಚಿಕೊಂಡೆ. ಶ್ರಾವಣ ಸೋಮವಾರಗಳಲ್ಲಿ ಪೂಜೆ ಮುಗಿಯುವ ತನಕ ಮಾತಾಡದಿರುವುದು ನನ್ನ ತವರಿನ ರೂಢಿ, ನಾನೂ ನಡೆಸಿಕೊಂಡು ಬಂದವಳು. ದೀಪದ ಮುಂದೆ ಕೈಮುಗಿದು, ನಾಳೆ ಮತ್ತೆ ನಿನಗೆ ದೀಪ ಹಚ್ಚುವ ತನಕ ಮಾತಿಲ್ಲಪ್ಪಾ ವೀರಭದ್ರ ಎಂದುಕೊಂಡೆ. ಬಾಗಿಲು ತೆರೆದು, ಬೆರಳನ್ನು ತುಟಿಯ ಮೇಲಿಟ್ಟೆ.

ಮುರಳಿಯ ಹಿಂದೆಯೇ ವರಲಕ್ಷ್ಮಿಗಾರು ಬಂದಿದ್ದರು. ನನ್ನ ಹಣೆ ನೋಡಿದರು, ಬೆರಳು ನೋಡಿದರು.

"ಮೌನವಾ?" ಎಂದರು. "ಇವತ್ತು ಸೋಮವಾರ ಅಲ್ಲವಲ್ಲ ಅತ್ತಿಗೇ..." ನಾನು ಕಣ್ಣು ಮಿಟುಕಿಸದೆ ಅವರನ್ನೇ ನೋಡಿದೆ. ಆಕೆ ಬುದ್ಧಿವಂತೆ. ಏನೆಂದು ತಿಳಿಯದಿದ್ದರೂ ಏನೋ ಇದೆಯೆಂದು ತಿಳಿಯಿತು. ಮುರಳಿಯತ್ತ ತಿರುಗಿ ದನಿ ಏರಿಸಿದರು. "ನೋಡಿದಿರಾ? ನೀರು ಇಳೀಲಿ ಅಂತ ಮೌನ ಹಿಡಿದಿದ್ದಾರೆ, ಊರಿಗೋಸ್ಕರ! ಇವರ ಮೌನ ಮುರಿಸಿದವರಿಗೆ ಆ ದುರ್ಗಮ್ಮ ಒಳ್ಳೇದು ಮಾಡ್ತಾಳಾ?"

ಊರಿಗೋಸ್ಕರ ಎಂದು ನಾನು ಅಂದುಕೊಂಡಿರಲಿಲ್ಲ. ಅದು ಆಕೆಯ ಮಾತು, ಆಕೆಯ ಲೆಕ್ಕಕ್ಕೆ.

ಮುರಳಿ ಕೈಯ ಕೆಂಪು ದಾರ ಮುಟ್ಟಿಕೊಂಡ. "ಬರೆದು ಕೊಡ್ತಾರಾ ಅಮ್ಮ?"

"ಬರೆದರೆ ಅದು ಮಾತಲ್ಲವಾ? ಚೆನ್ನಾಗಿದೆ!"

ಮುರಳಿ ಸೋಲದೆ, ಫೋನು ನನ್ನ ಮುಂದೆ ಹಿಡಿದು ಚಿತ್ರ ಹಚ್ಚಿದ. "ಸುಮ್ಮನೆ ಕೇಳಿ ಅಮ್ಮಾ. ಒಳ್ಳೇ ಮಾತಾದರೆ ತಲೆ ಹಾಕಿ, ಸಾಕು."

ಎರಡನೇ ಸಲ ಕೇಳುವಾಗ ಗಮನ ಬೇರೆ ಕಡೆ ಹೋಯಿತು. ಪುಂಡಿಸೊಪ್ಪು ಕುದಿಸಿದ ಮೊದಲನೇ ನೀರು ಚೆಲ್ಲಬೇಕು, ಇಲ್ಲದಿದ್ದರೆ ಹಲ್ಲು ಚಳಿಯುವಷ್ಟು ಹುಳಿ. ಹುಡುಗ ಅದನ್ನು ಹೇಳಲೇ ಇಲ್ಲ! ಇಷ್ಟು ಜನರ ಮುಂದೆ, ಕ್ಯಾಮರಾದಲ್ಲಿ, ಎದೆ ಸೆಟೆಸಿಕೊಂಡು, ಮುಖ್ಯವಾದದ್ದನ್ನೇ ಬಿಟ್ಟಿದ್ದಾನೆ. ನಾಲಿಗೆಯ ತುದಿಗೆ ಬಂತು. ನುಂಗಿದೆ. ನುಂಗಿದ್ದು ನಗುವಾಯಿತು, ನಗುವನ್ನು ಹಿಡಿದದ್ದಕ್ಕೆ ಮೈ ನಡುಗಿ ಕಣ್ಣಿಂದ ಧಾರಾಕಾರ ನೀರು. ಸೆರಗು ಬಾಯಿಗೆ ಒತ್ತಿಕೊಂಡೆ.

"ಅಯ್ಯೋ, ಅಮ್ಮ ಅತ್ತೇಬಿಟ್ಟರು!" ಮುರಳಿಯ ಕಣ್ಣೂ ತುಂಬಿತು. "ಸಾಕಮ್ಮಾ, ಇನ್ನು ಅರ್ಥ ಬೇಡ." ಕೈಮುಗಿದು ಇಳಿದುಹೋದ.

ಕಣ್ಣೀರು ಬಂದದ್ದು ನಿಜ. ಯಾಕೆ ಬಂತೆಂದು ಅವನು ಕೇಳಲಿಲ್ಲ.

ಮೌನ ಮಾತ್ರ ಹಿಡಿದದ್ದನ್ನು ನಡೆಸಿದೆ. ಸಂಜೆ ಯಜಮಾನರು ಗನ್ನವರಂನಿಂದ ಫೋನು ಮಾಡಿದಾಗ ಎತ್ತಿ ಸುಮ್ಮನಿದ್ದೆ. "ಏನಾತು? ಮಾತಾಡು! ನೀರು ಮ್ಯಾಲ ಬಂತೇನು?" ಎಂದು ಕೂಗಿದರು. ಕೊನೆಗೆ ವರಲಕ್ಷ್ಮಿಗಾರು ಫೋನು ಕಸಿದುಕೊಂಡು, "ನಿಮ್ಮ ಯಜಮಾನಿ ಚೆನ್ನಾಗಿದ್ದಾರೆ, ಬಾಯಿ ಒಂದು ರಜೆಯಲ್ಲಿದೆ," ಎಂದರು. ಮದುವೆಯಾದಾಗಿನಿಂದ ಇಂಥ ಸುಖ ಕೇಳಿರಲಿಲ್ಲ ಎಂದರಂತೆ ಇವರು.

ನೀರು ನಿಧಾನವಾಗಿ ಇಳಿಯಿತು. ಗೋಡೆಗಳ ಮೇಲೆ ಕಂದು ಗೆರೆ ಬಿಟ್ಟಿತು. ಸೈನಿಕರು ಒಂದು ಬೆಳಗ್ಗೆ ಹೊರಟುಹೋದರು. ಬಸು ಕೆಳಗಿನಿಂದಲೇ ಕೈಯೆತ್ತಿದ, ಹೇಳಿಹೋಗಲು ಹೊತ್ತಿರಲಿಲ್ಲ. ಮೊದಲನೇ ನೀರಿನ ಮಾತು ನನ್ನಲ್ಲೇ ಉಳಿಯಿತು.

ಚಿತ್ರ ಹೊರಬಂತು. ಹಿಂದೆ ಶಂಖ, ನಗಾರಿ. ಕೆಳಗೆ ತೆಲುಗಿನಲ್ಲಿ ಅವರಿಗೆ ಬೇಕಾದ ಮಾತು. ಕಾಲೋನಿಯ ಹೆಂಗಸರು ನೋಡಿ ಕಣ್ಣೊರೆಸಿಕೊಂಡರು. ನಾನು ಯಾರಿಗೂ ಅರ್ಥ ಹೇಳಲಿಲ್ಲ, ಆದರೆ ಫೋನಿನಲ್ಲಿ ಬಂದದ್ದು ಗಡಿಯಲ್ಲಿ ನಿಲ್ಲುತ್ತದೆಯೇ? ಧಾರವಾಡದಿಂದ ಮಗಳ ಕರೆ ಬಂತು. "ಅವ್ವಾ, ಇದು ನಿನ್ನ ಪಲ್ಯ ಅಲ್ಲೇನು? ಹಾಸ್ಟೆಲ್ಲಿನ್ಯಾಗ ಎಲ್ಲಾರೂ ಬಿದ್ದು ಬಿದ್ದು ನಗಾಕತ್ತಾರ!" ನನಗೆ ನಗು ಬರಲಿಲ್ಲ. ಗದಗಿನಿಂದ ತಂಗಿ ಕಳಿಸಿದಳು. ನಗಾರಿಯ ಜಾಗದಲ್ಲಿ ಒಗ್ಗರಣೆಯ ಚಟಪಟ ಸದ್ದು ಸೇರಿಸಿ ಯಾರೋ ಮತ್ತೆ ಹರಿಬಿಟ್ಟಿದ್ದರು. ಎರಡು ದಿನದಲ್ಲಿ ಮೂಲ ಚಿತ್ರವನ್ನು ಮುಖಂಡರ ಕಡೆಯವರು ತೆಗೆದುಹಾಕಿದರು. ಮುರಳಿ ಆಮೇಲೆ ನಮ್ಮ ಓಣಿಗೆ ಬರಲಿಲ್ಲ. ದೂರು ಹೋಗಿದೆಯಂತೆ ಎಂದು ವರಲಕ್ಷ್ಮಿಗಾರು ಎಲ್ಲಿಂದಲೋ ಕೇಳಿಕೊಂಡು ಬಂದರು.

ಆ ಮುದುಕಿಯ ನಂಬರು ನನ್ನ ಫೋನಿನಲ್ಲಿತ್ತು. ಮಾಡಲು ಧೈರ್ಯ ಬರಲಿಲ್ಲ. ಮಾಡಿದರೆ ಏನು ಕೇಳಲಿ, ಮಗ ಬಂದನೇ ಎಂದೇ? ದಸರೆಯ ಹೊತ್ತಿಗೆ ಇಂದ್ರಕೀಲಾದ್ರಿಗೆ ಹೋಗಿ ದುರ್ಗಮ್ಮನ ಮುಂದೆ ನಿಂತಾಗಲೂ ಅದೊಂದನ್ನೇ ಕೇಳಿದೆ, ಊರಿನ ಬಗ್ಗೆ ಕೇಳಲಿಲ್ಲ. ಬೆಟ್ಟ ಇಳಿದು ಒಂದೆರಡು ದಿನಕ್ಕೆ ಆ ನಂಬರಿನಿಂದಲೇ ಕರೆ ಬಂತು. ಒಲೆ ಆರಿಸಿ ಎತ್ತಿದೆ.

"ಅಕ್ಕಾರ, ನಾನ್ರಿ, ಬಸು. ಊರಾಗ ಇದೀನ್ರಿ."

ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟೆ. "ರಜಾ?"

"ಕೊಟ್ರುರೀ. ಮೇಜರ್ ಸಾಹೇಬ್ರು ಕರಸಿದ್ರು. ಏನ ಮಾತಾಡಿದಿ ಅಂತ ಕೇಳಿದ್ರು, ಒಂದೂ ಬಿಡದಂಗ ಹೇಳಿದೆ. ನಮ್ಮ ಸುಬೇದಾರ್ ಸಾಹೇಬ್ರು ಮಗ್ಗಲಕ್ಕ ನಿಂತಿದ್ರು. ಮನಸಿಗೆ ಹತ್ರ ಆಗಿದ್ದ ಹೇಳು ಅಂತ ನಾನss ಹೇಳಿದ್ದೆ ಸರ್, ಸುಳ್ಳೇನೂ ಹೇಳಿಲ್ಲ ಹುಡುಗ, ಅಂದ್ರು. ಆದ್ರೂ ಶಿಕ್ಷಾ ಆತ್ರಿ."

"ಏನು ಶಿಕ್ಷಾ?"

"ಒಂದ ವಾರ ಲಂಗರ್ ಡ್ಯೂಟಿ." ಸೈನ್ಯದ ಅಡುಗೆಮನೆಗೆ ಹಾಗೆನ್ನುತ್ತಾರೆ. "ಹೇಳಿದ್ದನ್ನ ಮಾಡಿ ತೋರಸು ಅಂದ್ರು. ಇಡೀ ಕಂಪನಿಗೆ ಪುಂಡಿಪಲ್ಯ ಮಾಡಿದೆ. ಸಾಹೇಬ್ರು ಒಂದ ತುತ್ತ ಬಾಯಾಗ ಇಟ್ರು, ಮಾರಿ ಹಿಂಡಿದ್ರು, ಶಿಕ್ಷಾ ನಿನಗೋ ನಮಗೋ ಅಂದ್ರು. ಭಾಳ ಹುಳಿ ಆಗಿತ್ರಿ ಅಕ್ಕಾರ. ಯಾಕಂತ ತಿಳೀಲಿಲ್ಲ."

ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಯಿತು.

"ಯವ್ವಾ, ನಾ ಇವನ ಅವ್ವ," ಎಂದಳು ಮುದುಕಿ. "ಒಂದ ಕಣ್ಣ ಬಿಚ್ಚ್ಯಾರ. ಚಂದಂಗ ಕಾಣತೈತಿ. ಮೊದಲ ಇವನ ಮಾರಿ ನೋಡಿದೆ, ಆಮ್ಯಾಲ ಇವನ ಭಾಷಣಾ ನೋಡಿದೆ ಫೋನಿನ್ಯಾಗ." ದನಿ ತಗ್ಗಿಸಿದಳು. "ನೀನರ ಹೇಳಬಾರದಾಗಿತ್ತೇನವಾ? ಮೊದಲನೇ ನೀರ ಚೆಲ್ಲೂದನ್ನss ಬಿಟ್ಟಾನಲ್ಲ!"

"ನಾ ಅವತ್ತು ಮೌನದಾಗ ಇದ್ದೆನ್ರಿ ಅವ್ವಾರ," ಎಂದೆ.